ಅಮ್ಮನ ಡಬ್ಬಿ ಮತ್ತು ಸರ್ ಬೀಗ ಹಾಕಿಟ್ಟ ಮಣ್ಣು

ನನ್ನ ಪ್ರಾಯದ ಒಳ್ಳೆಯ ವರ್ಷಗಳನ್ನು ನಾನು ಸಕ್ಕರೆಯ ಕೈ ಕಟ್ಟುವುದರಲ್ಲಿ ಕಳೆದೆ. ಹೀಗೆ ಹೇಳಿದರೆ ಜನ ನಗುತ್ತಾರೆ, ಅದಕ್ಕೇ ಹೀಗೆ ಹೇಳುತ್ತೇನೆ. ರಸಾಯನಶಾಸ್ತ್ರದಲ್ಲಿ ಸಂಶೋಧನೆ ಎಂದರೆ ಮದುವೆಮನೆಯ ಹೆಂಗಸರು "ಓ, ಹೌದಾ" ಎಂದು ಪಾಯಸದ ಕಡೆಗೆ ತಿರುಗಿಬಿಡುತ್ತಿದ್ದರು. ಸಕ್ಕರೆಯ ಕೈ ಕಟ್ಟುತ್ತೇನೆ ಎಂದರೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದರು.

ವಿಷಯ ಬಹಳ ಕಷ್ಟದ್ದೇನಲ್ಲ. ಗ್ಲೂಕೋಸಿನ ಒಂದೊಂದು ಅಣುವಿಗೂ ಐದು ಕೈಗಳಿವೆ ಎಂದಿಟ್ಟುಕೊಳ್ಳಿ. ಅದರಲ್ಲಿ ಒಂದು ಕೈಗೆ ಮಾತ್ರ ಏನಾದರೂ ಕೆಲಸ ಕೊಡಬೇಕೆಂದರೆ ಉಳಿದವು ಸುಮ್ಮನಿರುವುದಿಲ್ಲ, ತಾವೂ ಮುಂದೆ ಬರುತ್ತವೆ. ಆದ್ದರಿಂದ ಬೇಡದ ನಾಲ್ಕು ಕೈಗಳನ್ನು ಮೊದಲು ಕಟ್ಟಬೇಕು. ಕಟ್ಟುವ ದಾರ ಅಸಿಟೋನ್, ಉಗುರಿನ ಬಣ್ಣ ತೆಗೆಯಲು ಬಳಸುತ್ತಾರಲ್ಲ, ಅದೇ. ಗಂಟು ಬೀಳುವುದಕ್ಕೆ ಒಂದು ಆಮ್ಲ ಬೇಕು. ಹೀಗೆ ಕೈ ಕಟ್ಟಿಸಿಕೊಂಡ ಸಕ್ಕರೆಯನ್ನು ನಾವು ರಕ್ಷಿತ ಸಕ್ಕರೆ ಎನ್ನುತ್ತೇವೆ. ಔಷಧ ಮಾಡುವವರಿಗೆ ಅದು ಬೇಕು. ಅವರ ಕೆಲಸ ಮುಗಿದ ಮೇಲೆ ಗಂಟು ಬಿಚ್ಚಿಕೊಳ್ಳುತ್ತಾರೆ.

ಆ ಗಂಟು ಹಾಕುವ ಆಮ್ಲ ಯಾವುದಾಗಿರಬೇಕು ಎಂಬುದೇ ನನಗೂ ನನ್ನ ಗೈಡ್‌ಗೂ ಇದ್ದ ಜಗಳ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಮೈಸೂರು ಕಡೆಯಿಂದ ಮುಂಬಯಿಗೆ ಬಂದ ಕುಟುಂಬ. ಅಪ್ಪ ಫೋರ್ಟ್‌ನ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದರು, ಮನೆ ಸಯನ್‌ನಲ್ಲಿ. ನಾನು ಸಂಶೋಧನೆ ಮಾಡುತ್ತಿದ್ದ ಲ್ಯಾಬ್ ವಿಲೆ ಪಾರ್ಲೆಯಲ್ಲಿ. ದಾದರ್‌ನಲ್ಲಿ ಸೇತುವೆ ಹತ್ತಿ ಇಳಿದು ಲೋಕಲ್ ಬದಲಾಯಿಸಿ ಪಾರ್ಲೆಯಲ್ಲಿ ಇಳಿದರೆ ಕಾರ್ಖಾನೆಯಲ್ಲಿ ಬಿಸ್ಕತ್ತು ಬೇಯುವ ವಾಸನೆ, ಲ್ಯಾಬಿನ ಬಾಗಿಲು ತೆಗೆದರೆ ಅಸಿಟೋನಿನ ವಾಸನೆ. ಸಂಜೆ ಎರಡನ್ನೂ ದುಪಟ್ಟಾದಲ್ಲಿ ಹೊತ್ತುಕೊಂಡು ವಾಪಸ್ಸು ಬರುವಾಗ ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ಎಲ್ಲರೂ ನನ್ನನ್ನು ಬ್ಯೂಟಿ ಪಾರ್ಲರಿನವಳು ಎಂದೇ ತಿಳಿದಿದ್ದರು. ಒಬ್ಬಾಕೆ ಮಗಳ ನಿಶ್ಚಿತಾರ್ಥಕ್ಕೆ ಅಪಾಯಿಂಟ್‌ಮೆಂಟ್ ಕೂಡ ಕೇಳಿದ್ದರು. ನಾನು ಆ ವಾರ ಬಿಡುವಿಲ್ಲ ಎಂದೆ. ಸುಳ್ಳೇನಲ್ಲ.

ಗೈಡ್ ಧಾರವಾಡದವರು. ನಾವು ಸರ್ ಎನ್ನುತ್ತಿದ್ದೆವು. ಪಾಠ ಮಾಡುವಾಗ ಇಂಗ್ಲಿಷ್, ಆಫೀಸಿನವರ ಹತ್ತಿರ ಮರಾಠಿ, ಟ್ಯಾಕ್ಸಿಯವನ ಹತ್ತಿರ ಹಿಂದಿ. ಕನ್ನಡ ನಮ್ಮಂಥವರನ್ನು ಬೈಯುವುದಕ್ಕೆ ಮೀಸಲು. ಅವರ ಪ್ರಕಾರ ಸಕ್ಕರೆಯ ಗಂಟಿಗೆ ಇದ್ದದ್ದು ಒಂದೇ ಆಮ್ಲ, ಗಂಧಕಾಮ್ಲ. ತಮ್ಮ ಗುರುಗಳು ಅದರಲ್ಲೇ ಮಾಡಿದರು, ತಾವೂ ಅದರಲ್ಲೇ ಮಾಡಿದರು, ಆದ್ದರಿಂದ ಪ್ರಪಂಚವೂ ಅದರಲ್ಲೇ ಮಾಡಬೇಕು. ಗೋಣಿಯಲ್ಲಿ ಸುತ್ತಿ ತಂದ ಮಂಜುಗಡ್ಡೆಯ ನಡುವೆ ಫ್ಲಾಸ್ಕ್ ಹೂತು, ಗಂಧಕಾಮ್ಲವನ್ನು ಹನಿಹನಿಯಾಗಿ ಬಿಟ್ಟು, ಕೊನೆಗೆ ಆಮ್ಲವನ್ನು ಕೊಲ್ಲಲು ಸೋಡಾ ಸುರಿದರೆ ನೊರೆ ಉಕ್ಕಿ ಮೇಜೆಲ್ಲ ತೊಯ್ಯುತ್ತಿತ್ತು. ಹಿಡಿ ಸಕ್ಕರೆಗೆ ಒಂದು ಬಕೆಟ್ ಉಪ್ಪಿನ ಬಗ್ಗಡ. ಸ್ವಲ್ಪ ಹೊತ್ತು ಜಾಸ್ತಿಯಾದರೆ ಫ್ಲಾಸ್ಕಿನೊಳಗೆ ಕಂದು ಬಣ್ಣ ಏರಿ, ಬೆಲ್ಲದ ಪಾಕ ಹತ್ತಿಹೋದ ಹಾಗೆ ಕಾಣುತ್ತಿತ್ತು.

ನನ್ನ ಕಣ್ಣು ಬಿದ್ದಿದ್ದು ಮಣ್ಣಿನ ಮೇಲೆ. ಆಮ್ಲದಲ್ಲಿ ನೆನೆಸಿ, ತೊಳೆದು, ಒಣಗಿಸಿದ ಜೇಡಿಮಣ್ಣು. ಆಮ್ಲದ ಗುಣವೆಲ್ಲ ಅದರ ಕಣಕಣದಲ್ಲಿ ಕೂತಿರುತ್ತದೆ, ಆದರೆ ನೋಡಲು ಬೂದುಬಣ್ಣದ ಹಿಟ್ಟು. ಅಸಿಟೋನಿನಲ್ಲಿ ಸಕ್ಕರೆ ಮತ್ತು ಮಣ್ಣು ಹಾಕಿ ಕುದಿಸುವುದು, ಹೊರಬರುವ ನೀರನ್ನು ತೆಗೆಯುತ್ತಿರುವುದು, ಆಮೇಲೆ ಸೋಸುವುದು. ಮಣ್ಣು ಕಾಗದದ ಮೇಲೆ ನಿಲ್ಲುತ್ತದೆ, ಕೈ ಕಟ್ಟಿಸಿಕೊಂಡ ಸಕ್ಕರೆ ಅಸಿಟೋನಿನ ಜೊತೆ ಕೆಳಗಿಳಿಯುತ್ತದೆ. ಮಂಜುಗಡ್ಡೆ ಬೇಡ, ಸೋಡಾ ಬೇಡ, ನೊರೆ ಇಲ್ಲ. ಮಣ್ಣನ್ನು ತೊಳೆದು ಒಲೆಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಸಿದ್ಧ. ನನಗೆ ಇದು ಎಷ್ಟು ಹಿಡಿಸಿತೆಂದರೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ಅಮ್ಮ ಒಂದು ದಿನ ಸಾರು ಬಡಿಸುತ್ತಾ, "ಮುಖಕ್ಕೆ ಹಚ್ಕೊಳೋ ಮುಲ್ತಾನಿ ಮಿಟ್ಟಿಗೆ ಇಷ್ಟೊಂದು ಓದ್ಬೇಕಾ?" ಎಂದು ಕೇಳಿದಳು.

ಸರ್ ಅದಕ್ಕಿಂತ ಚೆನ್ನಾಗಿ ಕೇಳಿದರು. "ಏ ತಂಗಿ, ಮಣ್ಣಾಗ ಆಡೋ ವಯಸ್ಸೇನ ನಿಂದು? ಮಣ್ಣ ಹಿಡಕೊಂಡು ಯಾರರೆ ಪಿಎಚ್‌ಡಿ ಮಾಡ್ಯಾರೇನು?"

ಆದರೂ ಒಂದು ಡಬ್ಬ ಮಣ್ಣು ತರಿಸಿಕೊಟ್ಟರು. ಬೈದುಕೊಂಡೇ ಕೊಡಿಸುವುದು ಅವರ ಕ್ರಮ. ಚಳಿಗಾಲ ಬೇಸಿಗೆ ಕಳೆಯುವಷ್ಟರಲ್ಲಿ ಕೆಲಸ ಒಂದು ಹದಕ್ಕೆ ಬಂದಿತ್ತು. ಆಮೇಲೆ ಮಳೆ ಬಂತು, ಅದರ ಜೊತೆಗೆ ನನ್ನ ಅವಿವೇಕವೂ.

ಬಳಸಿದ ಮಣ್ಣನ್ನು ನಾನು ಸಿಂಕಿನಲ್ಲಿ ತೊಳೆಯುತ್ತಿದ್ದೆ. ತೊಳೆದಾಗ ಒಂದಷ್ಟು ನೀರಿನ ಜೊತೆ ಹೋಗುತ್ತಿತ್ತು. ಹೋದದ್ದು ಎಲ್ಲಿಗೆ ಹೋಯಿತು ಎಂದು ನಾನು ಯೋಚಿಸಿರಲಿಲ್ಲ. ಅದು ಎಲ್ಲಿಗೂ ಹೋಗಿರಲಿಲ್ಲ. ಪೈಪಿನ ಬಾಗಿನಲ್ಲಿ ಕೂತು, ಉಬ್ಬಿ, ಗಟ್ಟಿಯಾಗಿ, ಜುಲೈನ ಒಂದು ಸೋಮವಾರ ಮೂರು ಸಿಂಕುಗಳ ನೀರನ್ನು ಒಟ್ಟಿಗೆ ನೆಲಕ್ಕೆ ಬಿಟ್ಟಿತು. ಕೆಳಗಿನ ಮಹಡಿಯಲ್ಲಿ ಪ್ರಿನ್ಸಿಪಾಲರ ಕೋಣೆ. ಅವರು ಯಾರೊಂದಿಗೋ ಮೀಟಿಂಗಿನಲ್ಲಿದ್ದಾಗ ಫ್ಯಾನಿನ ರೆಕ್ಕೆಗೆ ಬೂದುಬಣ್ಣದ ಹನಿ ಬಿದ್ದು, ಫ್ಯಾನು ಅದನ್ನು ಪಕ್ಷಪಾತವಿಲ್ಲದೆ ಎಲ್ಲರಿಗೂ ಹಂಚಿತಂತೆ. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆವತ್ತು ನಗಲಿಲ್ಲ.

ಸರ್ ಕೆಳಗಿನಿಂದ ಬಂದಾಗ ಅವರ ಬಿಳಿ ಶರ್ಟಿನ ಮೇಲೂ ಚುಕ್ಕಿಗಳಿದ್ದವು. ನನ್ನ ಮಣ್ಣಿನ ಡಬ್ಬ ಎತ್ತಿಕೊಂಡು ಹೋಗಿ, ತಮ್ಮ ಕೋಣೆಯ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಜಡಿದರು. ಅದರಲ್ಲಿದ್ದ ನನ್ನ ಚಮಚವೂ ಒಳಗೇ ಹೋಯಿತು.

"ಸಾಕಿನ್ನ. ಫ್ಲಾಸ್ಕಿನ್ಯಾಗ ಎಷ್ಟದ ಅಷ್ಟ ಮುಗಸು. ಗಣೇಶ ಚೌತಿಯೊಳಗ ನಂಗ ಹರಳು ತೋರಸ್ಬೇಕು. ತೋರಸಿದಿ, ಮಣ್ಣು ನಿಂದು. ಇಲ್ಲಂದ್ರ ಸುಮ್ಕ ಆ್ಯಸಿಡ್ ಬಾಟ್ಲಿ ಹಿಡಕೊಂಡು ಅವನ ಜೋಡಿ ಕೂಡು."

ಅವನು ಎಂದರೆ ಸೀನಿಯರ್, ನನಗಿಂತ ಮೊದಲು ಸೇರಿದ್ದ ಉಡುಪಿ ಕಡೆಯ ಹುಡುಗ. ಸರ್ ಹೇಳಿದ ಗಂಧಕಾಮ್ಲದ ದಾರಿಯಲ್ಲೇ ಅವನ ಥೀಸಿಸ್ ನಡೆದಿತ್ತು. ಅವನ ಜೊತೆ ಕೂಡುವುದೆಂದರೆ ಅವನ ಕೆಲಸದ ಬಾಲವಾಗುವುದು. ಇಷ್ಟು ದಿನ ಹಗಲೂ ರಾತ್ರಿ ತಲೆಯಲ್ಲಿಟ್ಟುಕೊಂಡು ಸಾಕಿದ್ದನ್ನು ಬಿಟ್ಟು, ಅವನ ಮಂಜುಗಡ್ಡೆ ಒಡೆಯುವುದು. ನನಗೆ ಅಳು ಬಂತು. ಬಾತ್‌ರೂಮಿಗೆ ಹೋಗಿ ಅತ್ತು, ಮುಖ ತೊಳೆದುಕೊಂಡು ಬಂದೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳಿಗೆ ಅರ್ಥವಾದದ್ದು ಇಷ್ಟೇ: ಮಗಳು ಮೇಷ್ಟರ ಮೇಲೆ ಕೊಳಚೆ ನೀರು ಸುರಿದಿದ್ದಾಳೆ. ಮರುದಿನ ಬೆಳಗ್ಗೆ ಅಡಿಗೆಮನೆಯಲ್ಲಿ ಎಣ್ಣೆ ಕಾದಿತ್ತು. ಡಬ್ಬಿ ತುಂಬಾ ಕೋಡುಬಳೆ ಮಾಡಿ ನನ್ನ ಕೈಗಿಟ್ಟಳು. ಡಬ್ಬಿ ಎಂದರೆ ಅಂತಿಂಥದ್ದಲ್ಲ. ಅವಳ ಮದುವೆಯಲ್ಲಿ ತವರಿನವರು ಕೊಟ್ಟ ಎತ್ತರದ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಅವಳ ಹೆಸರು ಕೊರೆದದ್ದು. "ಕೊಟ್ಟು, ತಪ್ಪಾಯ್ತು ಅನ್ನು. ಡಬ್ಬಿ ಮರೀಬೇಡ" ಎಂದಳು.

ನಾನು ಕೊಟ್ಟೆ. ತಪ್ಪಾಯ್ತು ಎಂದೆ. ಸರ್ ಮುಚ್ಚಳ ತೆಗೆದು ಮೂಸಿ, "ಇದು ಮಣ್ಣಿಂದಲ್ಲಲಾ?" ಎಂದು ಕೇಳಿ ಒಂದನ್ನು ಕಟಕಟ ಕಡಿದರು. ಕೋಪ ಇಳಿಯಿತೋ ಎಂದು ನೋಡಿದೆ. ಕೋಪ ಹಾಗೇ ಇತ್ತು, ಕೋಡುಬಳೆ ಮಾತ್ರ ದಿನದಿನಕ್ಕೆ ಇಳಿಯಿತು. ಖಾಲಿಯಾದ ಡಬ್ಬಿ ಅದೇ ಕಬ್ಬಿಣದ ಕಪಾಟಿನ ತಲೆಯ ಮೇಲೆ ಕೂತಿತು. ಒಳಗೆ ನನ್ನ ಮಣ್ಣು, ಮೇಲೆ ಅಮ್ಮನ ಡಬ್ಬಿ. ದಿನವೂ ಆ ಕೋಣೆಗೆ ಹೋಗಿ ಎರಡನ್ನೂ ನೋಡಿ ಬರುತ್ತಿದ್ದೆ, ಯಾವುದನ್ನೂ ಕೇಳುವ ಧೈರ್ಯವಿರಲಿಲ್ಲ.

ಅಮ್ಮ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳು, "ಡಬ್ಬಿ ತಂದ್ಯಾ?"

"ಇನ್ನೂ ಮುಗಿದಿಲ್ಲಮ್ಮ."

"ಇಷ್ಟು ದಿನ ಕೋಡುಬಳೆ ಇಟ್ಕೊಂಡು ಏನ್ ಮಾಡ್ತಿದಾರೆ, ಪೂಜೆನಾ?"

ಇದರ ಹಿಂದೆ ಇನ್ನೊಂದು ವಿಷಯವಿತ್ತು. ನಮ್ಮ ಬಿಲ್ಡಿಂಗಿನಲ್ಲಿ ಡಬ್ಬಿಗಳು ಮನುಷ್ಯರಿಗಿಂತ ಹೆಚ್ಚು ಓಡಾಡುತ್ತಿದ್ದವು. ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಗೆ ಬಂದರೆ ಅದನ್ನು ಖಾಲಿ ವಾಪಸ್ಸು ಕೊಡುವ ಹಾಗಿಲ್ಲ. ಏನೂ ಇಲ್ಲವೆಂದರೆ ಒಂದು ಚಮಚ ಸಕ್ಕರೆ, ಒಂದು ನಿಂಬೆಹಣ್ಣು. ಮೇಲಿನ ಮನೆಯ ಗುಜರಾತಿ ಅತ್ತೆಯೂ ಕನ್ನಡದವರ ಜೊತೆ ಇದ್ದು ಇದ್ದು ಇದನ್ನು ಕಲಿತು, ಒಮ್ಮೆ ನಮ್ಮ ಬಟ್ಟಲಲ್ಲಿ ಎರಡು ಹಸಿಮೆಣಸಿನಕಾಯಿ ಇಟ್ಟು ಕಳಿಸಿದ್ದರು. ಅಮ್ಮನಿಗೆ ಡಬ್ಬಿಯ ಚಿಂತೆ ಅರ್ಧ, ಅದರಲ್ಲಿ ಏನು ಬರುತ್ತದೆ ಎಂಬ ಕುತೂಹಲ ಅರ್ಧ. ಧಾರವಾಡದವರು, ಪೇಡೆ ಬರಬಹುದು ಎಂದು ಒಳಗೊಳಗೇ ಎಣಿಸಿದ್ದಳು.

ಇತ್ತ ನನ್ನ ಫ್ಲಾಸ್ಕಿನಲ್ಲಿ ಕೊನೆಯ ಮಣ್ಣಿನಿಂದ ಮಾಡಿದ ಸಕ್ಕರೆ ಪಾಕವಾಗಿ ಕೂತಿತ್ತು. ಹರಳಾಗಲೊಲ್ಲದು. ರಕ್ಷಿತ ಸಕ್ಕರೆಗಳ ಹಠ ಎಂಥದ್ದು ಎಂದು ಅವುಗಳ ಜೊತೆ ಬಾಳಿದವರಿಗೇ ಗೊತ್ತು. ಇರಬೇಕಾದದ್ದೆಲ್ಲ ಪಾಕದಲ್ಲಿರುತ್ತದೆ, ಆದರೂ ಜೇನಿನ ಹಾಗೆ ಹೊಳೆಯುತ್ತಾ ಸುಮ್ಮನೆ ಬಿದ್ದಿರುತ್ತದೆ. ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಗೋಡೆ ಕೆರೆದೆ. ಫ್ರಿಜ್ಜಿನಲ್ಲಿಟ್ಟೆ. ಮಾತಾಡಿಸಿದೆ. ಹೊರಗೆ ಮುಂಬಯಿಯ ಮಳೆ, ಗೋಡೆಗಳೇ ಬೆವರುತ್ತಿದ್ದ ದಿನಗಳು. ಮನೆಯಲ್ಲಿ ಉಪ್ಪೇ ನೀರಾಗುವಾಗ ಇದು ಯಾಕೆ ಗಟ್ಟಿಯಾಗುತ್ತದೆ? ಬೀದಿಗಳಲ್ಲಿ ಗಣಪತಿ ಮಂಟಪಕ್ಕೆ ಬಿದಿರು ಬಂದು ಬಿತ್ತು. 

ಇಂಥ ಪಾಕಕ್ಕೆ ಒಂದೇ ಮದ್ದು, ಹೆಪ್ಪು. ಅದೇ ವಸ್ತುವಿನ ಒಂದು ಚೂರು ಹರಳನ್ನು ಪಾಕಕ್ಕೆ ಹಾಕಿದರೆ ಉಳಿದದ್ದು ಅದನ್ನು ನೋಡಿ ಕಲಿಯುತ್ತದೆ. ಮೊಸರಿಗೆ ಹೆಪ್ಪು ಮುಗಿದಾಗ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವಲ್ಲ, ಹಾಗೆ ನಾನು ಸೀನಿಯರ್‌ನ ಮೇಜಿಗೆ ಹೋದೆ. ಇಡೀ ಲ್ಯಾಬಿನಲ್ಲಿ ಆ ಹರಳು ಇದ್ದದ್ದು ಅವನ ಹತ್ತಿರ ಮಾತ್ರ.

"ಎಂತ ಮಾರಾಯ್ತಿ, ಇನ್ನೂ ಪಾಕವೇ ಉಂಟಾ?"

"ಒಂದು ಚೂರು ಹೆಪ್ಪು ಕೊಡು."

"ಹೊತ್ತು ಮುಳುಗುವ ಮೊದಲೇ ಬಂದದ್ದು ಒಳ್ಳೇದಾಯ್ತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಹೆಪ್ಪು ಕೊಡ್ಲಿಕ್ಕಿಲ್ಲ." ನಕ್ಕು, ಡ್ರಾಯರಿನಿಂದ ಒಂದು ಚಿಕ್ಕ ಬಾಟಲಿ ತೆಗೆದ. ಮೇಲೆ ಅವನ ಅಕ್ಷರದಲ್ಲಿ ಚೀಟಿ ಅಂಟಿಸಿತ್ತು, ಗಂಧಕಾಮ್ಲದ ದಾರಿಯಲ್ಲಿ ಮಾಡಿದ್ದು ಎಂದು. ತಳದಲ್ಲಿ ನಾಲ್ಕಾರು ಹರಳು. "ಕಳೆದ ಸಲದ್ದು ಇಷ್ಟೇ ಉಳಿದದ್ದು. ಎಲ್ಲ ತಕ್ಕೊ. ಬಾಟಲಿ ಮಾತ್ರ ಕೊಡು, ಒಳ್ಳೆ ಬಾಟಲಿ ಅದು."

ಒಂದು ಹರಳನ್ನು ಕಡ್ಡಿಯ ತುದಿಯಲ್ಲಿ ತೆಗೆದು ಪಾಕಕ್ಕೆ ಬಿಟ್ಟೆ. ಊಟ ಮುಗಿಸಿ ಬಂದಾಗಲೂ ಏನೂ ಆಗಿರಲಿಲ್ಲ. ಮಧ್ಯಾಹ್ನದ ಚಹಾ ಕುಡಿದು ಬಂದು ನೋಡುತ್ತೇನೆ, ಆ ಚೂರಿನ ಸುತ್ತ ಬಿಳಿಯ ಎಳೆಗಳು. ನೋಡುತ್ತಿದ್ದ ಹಾಗೇ ಅವು ಹರಡಿ, ಹೆಣೆದುಕೊಂಡು, ಸಂಜೆಯೊಳಗೆ ಇಡೀ ಫ್ಲಾಸ್ಕಿನಲ್ಲಿ ಹತ್ತಿ ಅರಳಿದ ಹಾಗಾಯಿತು. ನಾನು ಮೇಜಿನ ಸುತ್ತ ಒಂದು ಸುತ್ತು ಕುಣಿದೆ. ಸೀನಿಯರ್ ಚಪ್ಪಾಳೆ ತಟ್ಟಿದ. ಅವನು ಹೊಟ್ಟೆಕಿಚ್ಚಿನವನಲ್ಲ, ಬರೀ ಸೋಮಾರಿ.

ಹರಳನ್ನು ಸೋಸಿ ಒಣಗಿಸಿ ನನ್ನ ಬಾಟಲಿಗೆ ತುಂಬಿದೆ. ಅವನ ಬಾಟಲಿಯನ್ನು ತೊಳೆದು ಒರೆಸಿದೆ. ಖಾಲಿ ಬಾಟಲಿ ಕೈಯಲ್ಲಿ ಹಿಡಿದು ಅವನ ಮೇಜಿನ ಕಡೆ ಎರಡು ಹೆಜ್ಜೆ ಇಟ್ಟೆ, ಕಾಲು ನಿಂತಿತು. ಖಾಲಿ ಕೊಡುವುದು ಹೇಗೆ? ಅಮ್ಮನ ಮಗಳಲ್ಲವೇ. ವಾಪಸ್ಸು ಬಂದು, ನನ್ನ ಹರಳನ್ನೇ ಅದರ ಕುತ್ತಿಗೆಯವರೆಗೆ ತುಂಬಿ ಅವನ ಡ್ರಾಯರಿನಲ್ಲಿಟ್ಟೆ. ಇದನ್ನು ಯಾವ ರಸಾಯನಶಾಸ್ತ್ರಜ್ಞನೂ ಮಾಡಬಾರದು. ಇನ್ನೊಬ್ಬನ ಚೀಟಿ ಇರುವ ಬಾಟಲಿಗೆ ನಿನ್ನ ವಸ್ತು ತುಂಬಬಾರದು ಎಂಬುದು ಮೊದಲ ವರ್ಷದ ಪಾಠ. ಆದರೆ ಸಯನ್‌ನ ಪಾಠ ಅದಕ್ಕಿಂತ ಹಳೆಯದು. ಸೀನಿಯರ್ ನೋಡಿ, "ಓ, ನಿಮ್ಮಲ್ಲಿಯೂ ಇದು ಉಂಟಾ!" ಎಂದು ನಕ್ಕು ಡ್ರಾಯರ್ ಮುಚ್ಚಿದ.

ಮರುದಿನ ಬೆಳಗ್ಗೆ ನನ್ನ ಬಾಟಲಿ ಹಿಡಿದು ಸರ್ ಮುಂದೆ ನಿಂತೆ. ಅವರು ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮೂಗು ಮುರಿದರು.

"ಬೂದಿ ಬಣ್ಣ ಅದ ಇದು."

"ಬಿಳೀ ಇದೆ ಸರ್."

"ನಂಗ ಕಣ್ಣಿಲ್ಲೇನು? ಮಣ್ಣಾಗ ಮಾಡಿದ್ದು ಮಣ್ಣಿನ ಬಣ್ಣನ ಇರ್ತದ. ಇದಕ್ಕ ಹರಳು ಅಂತಾರೇನು? ಇಡು ಒಂದ್ಕಡೆ."

ಶುದ್ಧವಾದದ್ದು ಒಂದೇ ತಾಪದಲ್ಲಿ ಕರಗುತ್ತದೆ, ಕರಗುವ ತಾಪವನ್ನಾದರೂ ನೋಡಿ ಎಂದೆ. ನೋಡಲಿಲ್ಲ. ನಾಳೆಯಿಂದ ಮಂಜುಗಡ್ಡೆಯವನಿಗೆ ಹೆಚ್ಚು ಹೇಳು, ಇಬ್ಬರಿಗೆ ಬೇಕಾಗುತ್ತದೆ ಎಂದರು.  ಬಾಟಲಿಯನ್ನು ಮೇಜಿನ ಮೇಲೆ ಇಟ್ಟು ಬರುವಾಗ ಕಪಾಟಿನ ಮೇಲಿನ ಅಮ್ಮನ ಡಬ್ಬಿಯನ್ನು ಎತ್ತಿಕೊಂಡು ಹೋಗಿಬಿಡಲೇ ಎನ್ನಿಸಿತು. ಖಾಲಿ ಡಬ್ಬಿಯನ್ನು ನಾನೇ ಕದ್ದು ತರುವುದು ಅಮ್ಮನಿಗೆ ಇನ್ನೂ ಅವಮಾನ ಎಂದು ಸುಮ್ಮನಾದೆ.

ಅದೇ ದಿನ ಮಧ್ಯಾಹ್ನ, ಹೇಳಿದ್ದ ದಿನಕ್ಕಿಂತ ಒಂದು ದಿನ ಮೊದಲೇ, ಠಾಣೆ ಕಡೆಯ ಔಷಧ ಕಂಪನಿಯೊಂದರ ಹಿರಿಯ ಅಧಿಕಾರಿ ಬಂದುಬಿಟ್ಟರು. ಪಾರ್ಸಿ ಮುದುಕರು. ಮೇಲೆ ಇಸ್ತ್ರಿ ಮಾಡಿದ ಸೂಟು, ಕೆಳಗೆ ಮಳೆಗಾಲದ ಗಮ್‌ಬೂಟು. ಅವರಿಗೆ ಈ ರಕ್ಷಿತ ಸಕ್ಕರೆ ಬೇಕಾಗಿತ್ತು. ಸರ್ ಅವರಿಗೆ ಸೀನಿಯರ್‌ನ ಹರಳನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದರು.

ಸೀನಿಯರ್‌ನ ಹರಳು ಎಲ್ಲಿತ್ತು? ಹಿಂದಿನ ದಿನ ಅವನು ಹೊಸದಾಗಿ ಗಂಧಕಾಮ್ಲದಲ್ಲಿ ಹಾಕಿದ್ದ, ಹಾಕಿ ಮರೆತಿದ್ದ. ಫೋರ್ಟ್‌ನಲ್ಲಿ ಅವನ ಮಾವನ ಉಡುಪಿ ಹೋಟೆಲು. ಮಾವ ಕರೆದರೆ ಇವನು ಗಲ್ಲಾದಲ್ಲಿ ಕೂರಲು ಓಡುತ್ತಿದ್ದ. ವಾಪಸ್ಸು ಬಂದು ನೋಡಿದಾಗ ಫ್ಲಾಸ್ಕಿನಲ್ಲಿ ಡಾಂಬರು. ನಾಳೆ ಮತ್ತೆ ಮಾಡಿದರಾಯಿತು ಎಂದುಕೊಂಡಿದ್ದ. ಈಗ ಸರ್ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ, ನಿನ್ನ ಹರಳನ್ನು ಅತಿಥಿಗಳಿಗೆ ತೋರಿಸು ಎನ್ನುತ್ತಿದ್ದಾರೆ. ಇಂಗು ತಿಂದ ಮಂಗನ ಹಾಗೆ ನಿಂತಿದ್ದವನ ಕೈ ಮೆಲ್ಲಗೆ ಡ್ರಾಯರಿಗೆ ಹೋಯಿತು. ಹೊರಬಂದದ್ದು ಆ ಬಾಟಲಿ. ಅವನ ಚೀಟಿ, ನನ್ನ ಹರಳು. ಕೊಡುವ ಮುಂಚೆ ನನ್ನ ಕಡೆ ಒಂದು ನೋಟ ನೋಡಿದ, ಕ್ಷಮಿಸು ಮಾರಾಯ್ತಿ, ಜೀವ ಉಳಿಸು ಎಂಬ ಹಾಗೆ.

ನನಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗುವೂ ಬಂತು. ಬಾಯಿ ಬಿಟ್ಟು ಹೇಳಬಹುದಿತ್ತು. ಆದರೆ ಬೆಳಗ್ಗೆ ಬೂದಿ ಎಂದವರು ಈಗ ಏನೆನ್ನುತ್ತಾರೋ ಕೇಳುವ ಆಸೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ತುಟಿ ಕಚ್ಚಿಕೊಂಡು ನಿಂತೆ.

ಸರ್ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದೇ ಕಿಟಕಿ, ಅದೇ ಬೆಳಕು. ಮುಖ ಅರಳಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು, "ನೋಡು ತಂಗಿ, ಕಣ್ಣ ತುಂಬ ನೋಡು. ಮಲ್ಲಿಗಿ ಹೂ ಆಗೇದ. ಇದು ಹರಳು ಅಂದ್ರ."

"ಹೌದು ಸರ್, ತುಂಬಾ ಚೆನ್ನಾಗಿದೆ" ಎಂದೆ. ಸೀನಿಯರ್‌ಗೆ ಕೆಮ್ಮು ಬಂತು.

ಒಂದಿಷ್ಟು ಹರಳು ತೆಗೆದು ಕರಗುವ ತಾಪ ನೋಡಿದರು. ಎಲ್ಲಿ ಕರಗಬೇಕೋ ಅಲ್ಲಿಯೇ, ಒಂದೇ ಸಲಕ್ಕೆ ಕರಗಿತು. ಸರ್ ಗಂಧಕಾಮ್ಲದ ಗುಣಗಾನ ಶುರು ಮಾಡಿದರು, ತಮ್ಮ ಗುರುಗಳ ಕಾಲದಿಂದ. ಪಾರ್ಸಿ ಮುದುಕರು ತಾಳ್ಮೆಯಿಂದ ಕೇಳುತ್ತಾ, ತಾವೇ ಒಂದು ಚಿಟಿಕೆ ಹರಳನ್ನು ಪರೀಕ್ಷಾನಳಿಕೆಗೆ ಹಾಕಿ ಆಲ್ಕೋಹಾಲ್ ಸುರಿದು ಅಲ್ಲಾಡಿಸಿ ಸ್ಟ್ಯಾಂಡಿನಲ್ಲಿಟ್ಟರು. ಹರಳು ಕರಗಿತು. ಗುರುಗಳ ಕಥೆ ಇನ್ನೂ ನಡೆದಿತ್ತು. ಸ್ವಲ್ಪ ಹೊತ್ತಾದ ಮೇಲೆ ಮುದುಕರು ಬಗ್ಗಿ ನಳಿಕೆಯ ತಳವನ್ನು ನೋಡಿದರು.

"ಡಾಕ್ಟರ್ ಸಾಬ್, ಯೇ ನೀಚೆ ಕ್ಯಾ ಬೈಠಾ ಹೈ? ಮಿಟ್ಟಿ ಹೈ ಕ್ಯಾ?"

ತಳದಲ್ಲಿ ಬೂದುಬಣ್ಣದ ಒಂದು ಸಣ್ಣ ಗೆರೆ. ಮಣ್ಣಿನ ಅತಿ ನುಣುಪಾದ ಭಾಗ ಸೋಸುವ ಕಾಗದಕ್ಕೂ ಸಿಗದೆ ನುಸುಳುತ್ತದೆ. ಆತುರದಲ್ಲಿ ನಾನು ಎರಡನೆಯ ಸಲ ಸೋಸಿರಲಿಲ್ಲ. ಗಂಧಕಾಮ್ಲದ ದಾರಿಯಲ್ಲಿ ಮಾಡಿದ್ದರಲ್ಲಿ ಏನು ಬೇಕಾದರೂ ಇರಬಹುದು, ಮಣ್ಣು ಇರಲು ಸಾಧ್ಯವಿಲ್ಲ.

ಸರ್ ನಳಿಕೆ ಎತ್ತಿದರು. ಆ ಬಣ್ಣ ಅವರಿಗೆ ಗೊತ್ತಿತ್ತು, ಅವರ ಬಿಳಿ ಶರ್ಟಿಗೆ ಗೊತ್ತಿತ್ತು. ಮೊದಲು ಸೀನಿಯರ್‌ನನ್ನು ನೋಡಿದರು, ಅವನು ನೆಲ ನೋಡಿದ. ಆಮೇಲೆ ನನ್ನನ್ನು ನೋಡಿದರು.  

ಮುಂದೆ ಅವರು ಮಾಡಿದ್ದನ್ನು ನೆನೆದರೆ ಇಂದಿಗೂ ಅವರಿಗೆ ಕೈ ಮುಗಿಯಬೇಕು ಎನ್ನಿಸುತ್ತದೆ. ನಳಿಕೆಯನ್ನು ಮೆಲ್ಲಗೆ ಸ್ಟ್ಯಾಂಡಿನಲ್ಲಿಟ್ಟು, ಕನ್ನಡಕ ಒರೆಸಿ ಹಾಕಿಕೊಂಡು, ರೆಪ್ಪೆ ಮಿಟುಕಿಸದೆ ಇಂಗ್ಲಿಷಿನಲ್ಲಿ ಹೇಳಿದರು: ಹೌದು, ಮಣ್ಣೇ, ಇದನ್ನೇ ನಿಮಗೆ ತೋರಿಸಬೇಕೆಂದಿದ್ದೆ, ಇದು ನಮ್ಮ ಲ್ಯಾಬಿನ ಹೊಸ ದಾರಿ. ಗುರುಗಳ ಕಥೆಯನ್ನು ಅಲ್ಲೇ ಬಿಟ್ಟು ಮಣ್ಣಿನಂಥ ಘನ ಆಮ್ಲಗಳ ಬಗ್ಗೆ ಒಂದು ಭಾಷಣವನ್ನೇ ಮಾಡಿದರು. ಮಂಜುಗಡ್ಡೆ ಬೇಡ, ಸೋಡಾ ಬೇಡ, ಬಕೆಟ್ ಬಗ್ಗಡವಿಲ್ಲ, ತೊಳೆದು ಒಣಗಿಸಿ ಮತ್ತೆ ಬಳಸಬಹುದು. ಒಂದು ವರ್ಷದಿಂದ ನಾನು ಅವರ ಮುಂದೆ ಗೋಗರೆದಿದ್ದ ಮಾತುಗಳೇ, ಅದೇ ಕ್ರಮದಲ್ಲಿ. ನಾನು ಹೇಳುವಾಗ ಕಿಟಕಿಯ ಹೊರಗೆ ನೋಡುತ್ತಿದ್ದರಲ್ಲ, ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದರು! ಕೊನೆಗೆ ಗಂಭೀರವಾಗಿ, ಮಣ್ಣನ್ನು ಸಿಂಕಿನಲ್ಲಿ ತೊಳೆಯಬಾರದು ಎಂಬ ಎಚ್ಚರಿಕೆಯನ್ನೂ ಸೇರಿಸಿದರು. ಮುದುಕರು ಬಹಳ ಸಂತೋಷದಿಂದ ತಲೆಯಾಡಿಸಿ, ಉಳಿದ ಹರಳನ್ನು ಜೇಬಿನಲ್ಲಿಟ್ಟುಕೊಂಡು ಹೊರಟರು.

ಸರ್ ಅವರನ್ನು ಗೇಟಿನವರೆಗೆ ಬಿಟ್ಟು ಬಂದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮಿಬ್ಬರನ್ನೂ ಕರೆಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಈಗ ನನಗೆ ಬೇರೆಯೇ ಹೆದರಿಕೆ. ಮಣ್ಣು ಗೆದ್ದಿತ್ತು, ಆದರೆ ಗೆದ್ದ ಮಣ್ಣು ಯಾರದು? ಬಾಟಲಿಯ ಮೇಲಿದ್ದದ್ದು ಸೀನಿಯರ್‌ನ ಚೀಟಿ, ಭಾಷಣ ಮಾಡಿದವರು ಸರ್. ಹೊಸ ದಾರಿಯನ್ನು ಹಿರಿಯ ವಿದ್ಯಾರ್ಥಿಗೆ ಕೊಡುತ್ತೇನೆ ಎಂದರೆ ಕೇಳುವವರಾರು? ಸೀನಿಯರ್ ನನ್ನ ಮೇಜಿನ ಪಕ್ಕ ಬಂದು, "ನಾನೇ ಹೋಗಿ ಎಲ್ಲ ಹೇಳ್ತೇನೆ" ಎಂದ. ಬಾಗಿಲು ತಟ್ಟಿದ, ಒಳಗೆ ಹೋದ, ಕಿವಿ ಕೆಂಪು ಮಾಡಿಕೊಂಡು ಹೊರಗೆ ಬಂದ. ಏನೆಂದರು ಎಂದು ಕೇಳಿದೆ. "ಮಂಜುಗಡ್ಡೆಯವನಿಗೆ, ಒಬ್ಬನಿಗಾಗುವಷ್ಟು ಸಾಕು ಅಂತ ಹೇಳ್ಬೇಕಂತೆ" ಎಂದ. ಅದರ ಅರ್ಥ ಅವನಿಗೂ ಪೂರ್ತಿ ಗೊತ್ತಾಗಿರಲಿಲ್ಲ. ನಾವಿಬ್ಬರೂ ಒಂದೇ ಮಂಜುಗಡ್ಡೆ ಹಂಚಿಕೊಳ್ಳಬೇಕೋ ಏನೋ!

ಎರಡು ದಿನ ಹೀಗೇ ಕಳೆಯಿತು. ಮರುದಿನ ಗೌರಿ ಹಬ್ಬ, ಅದರಾಚೆ ಚೌತಿ. ಲ್ಯಾಬಿಗೆ ರಜೆ. ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವಾಗ ಸರ್ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಅಮ್ಮನ ಡಬ್ಬಿ, ಮುಚ್ಚಳ ಬಿಗಿಯಾಗಿ ಹಾಕಿ ಟೇಪು ಸುತ್ತಿತ್ತು.

"ನಿಮ್ಮ ಅವ್ವಗ ಕೊಡು. ಕೋಡಬಳಿ ಭಾಳ ಛಲೋ ಇದ್ವು ಅಂತ ಹೇಳು." ತಲೆ ಎತ್ತಲಿಲ್ಲ.

"ಸರ್, ಮಣ್ಣು..."

"ಲೋಕಲ್ ತಪ್ತದ ನಿಂದು. ಹೋಗು."

ಡಬ್ಬಿ ಭಾರವಾಗಿತ್ತು. ಮಣ್ಣಿನ ಮಾತು ಎತ್ತದ ಹಾಗೆ ಪೇಡೆ ಕೊಟ್ಟು ಸಾಗಹಾಕುತ್ತಿದ್ದಾರೆ ಎಂದು ನನಗೆ ಖಚಿತವಾಯಿತು. ಲೋಕಲ್ಲಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಹೂವಿನ ಚೀಲಗಳು, ಬಾಳೆಎಲೆಯ ಕಟ್ಟುಗಳು, ಮಡಿಲಲ್ಲಿ ಬಟ್ಟೆ ಮುಚ್ಚಿದ ಪುಟ್ಟ ಗಣಪತಿಯನ್ನು ಕೂರಿಸಿಕೊಂಡಿದ್ದ ಒಬ್ಬಾಕೆ. ನಾನು ಡಬ್ಬಿಯನ್ನು ಎದೆಗವಚಿಕೊಂಡು ದಾದರ್‌ವರೆಗೆ ನಿಂತೇ ಬಂದೆ. ಪೇಡೆಯ ಮೇಲೆ ನನಗೆ ಅಷ್ಟು ಕೋಪ ಎಂದೂ ಬಂದಿರಲಿಲ್ಲ.

ಅಮ್ಮ ಬಾಗಿಲಲ್ಲೇ ಡಬ್ಬಿ ಕಿತ್ತುಕೊಂಡು ಅಡಿಗೆಮನೆಗೆ ನಡೆದಳು. ಭಾರ ನೋಡಿಯೇ ಅವಳ ಮುಖ ಅರಳಿತ್ತು. ಟೇಪು ಬಿಚ್ಚುವ ಸದ್ದು ಕೇಳಿತು. 

"ಬಾ ಇಲ್ಲಿ!" ಎಂದಳು. ಅವಳು ಅಷ್ಟು ಜೋರಾಗಿ ಕೂಗುವವಳಲ್ಲ. "ಏನೇ ಇದು? ಹಬ್ಬದ ಹೊತ್ತಲ್ಲಿ, ನಾನು ಕೋಡುಬಳೆ ಕಳಿಸಿದ್ರೆ ನಿಮ್ ಮೇಷ್ಟ್ರು ಡಬ್ಬಿ ತುಂಬ ಮಣ್ಣು ಹಾಕ್ ಕಳಿಸಿದಾರಲ್ಲೇ! ಇದಕ್ಕಿಂತ ಖಾಲಿ ಕೊಡಬಾರದಿತ್ತಾ?"

ಬಗ್ಗಿ ನೋಡಿದೆ. ಕಂಠದವರೆಗೆ ಬೂದುಬಣ್ಣದ ಹಿಟ್ಟು, ತೇವ ತಾಗದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಕಪಾಟಿನೊಳಗೆ ಹೋಗಿದ್ದ ನನ್ನ ಚಮಚ.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು, ಎರಡೂ ನಿಲ್ಲಲಿಲ್ಲ. ಅಮ್ಮ ಗಾಬರಿಯಾಗಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಬಹಳ ಹೊತ್ತು ನನ್ನನ್ನೂ ಡಬ್ಬಿಯನ್ನೂ ನೋಡಿದಳು. ಅವಳಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಡಬ್ಬಿಗಳ ವ್ಯವಹಾರ ಚೆನ್ನಾಗಿ ಗೊತ್ತಿತ್ತು.

"ಬೀಗ ಹಾಕಿಟ್ಟಿದಾರೆ ಅಂತಿದ್ಯಲ್ಲ, ಅದೇನಾ ಇದು?"

ತಲೆಯಾಡಿಸಿದೆ.

"ಹಾಗಾದ್ರೆ ಇನ್ಮೇಲೆ ಇದು ನಿಂದೇನಾ?"

"ನಂದೇ ಅಮ್ಮ."

ಅಮ್ಮ ಎದ್ದು, ಅಟ್ಟದ ಮೇಲಿನಿಂದ ಉಪ್ಪಿನಕಾಯಿಯ ಖಾಲಿ ಜಾಡಿ ತೆಗೆದು, ಬಟ್ಟೆಯಿಂದ ಒಳಗೆಲ್ಲ ಒರೆಸಿ, ಒಂದು ಹುಡಿಯೂ ಚೆಲ್ಲದ ಹಾಗೆ ಮಣ್ಣನ್ನು ಅದಕ್ಕೆ ಸುರಿದಳು. ಆಮೇಲೆ ಡಬ್ಬಿಯನ್ನು ತೊಳೆದು ಬೋರಲು ಹಾಕಿ, ಚೌತಿಯಾದ ಮೇಲೆ ಸರ್‌ಗೆ ಕಡುಬು ಕಳಿಸಬೇಕು, ಅವರು ಕಾಯಿಯದು ತಿನ್ನುತ್ತಾರೋ ಎಳ್ಳಿನದೋ ಎಂದು ಕೇಳಿದಳು.